13 ವರ್ಷ ಕಾದು ನೋಡಿದ ಸಿನಿಮಾ: ನಿಮ್ಮ ಪತ್ರ, ನನ್ನ ಉತ್ತರ

ಹಾಲಿವುಡ್ ಚಿತ್ರ ‘ಅವತಾರ್’ನ ಎರಡನೇ ಭಾಗ 2022ರ ಡಿಸೆಂಬರ್ 16ಕ್ಕೆ ತೆರೆಕಂಡು ತಿಂಗಳಾದಾಗ ಬರೆದ ಅಂಕಣ ಇದು. ಮೊದಲನೆಯದು ಬಂದಿದ್ದು 2009ರ ಡಿಸೆಂಬರ್‌ನಲ್ಲಿ. ನಮ್ಮ ಮೆಟ್ರೋ ಕೂಡ ಆಗ ಓಡುತ್ತಿರಲಿಲ್ಲ. ‘ಆಟ ಮುಗಿಸಿ ಹೊರಗೆ ಬಂದಾಗ ನಿಮ್ಮ ಬಾಯಿಂದ ಬಂದ ಮೊದಲ ಮಾತು ಯಾವುದು, ಬರೆಯಿರಿ’ ಎಂದು ಹೋದ ಸಂಚಿಕೆಯಲ್ಲಿ ಚಿತ್ರವನ್ನು ಹೊಗಳಿ ಬರೆದ ಲೇಖನದಲ್ಲಿ ಕೇಳಿದ್ದೆ. ಬಂದ ಪತ್ರಗಳನ್ನು ಸಂಕ್ರಾಂತಿ ರಜೆಯಲ್ಲಿ ಕೂತು ಒಂದೂ ಬಿಡದೆ ಓದಿದೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ. ಹಾಗಾಗಿ ಬಡಾವಣೆ ಮಾತ್ರ ಕೊಟ್ಟಿದ್ದೇನೆ. ಚಿತ್ರ ಇನ್ನೂ ನೋಡದವರು ಮೊದಲು ನೋಡಿಕೊಂಡು ಬನ್ನಿ. ಕೆಲವು ಉತ್ತರಗಳಲ್ಲಿ ಕತೆ ಬಿಟ್ಟುಕೊಡದೆ ಬೇರೆ ದಾರಿ ಇರಲಿಲ್ಲ.

ಮೇಡಂ, ಮೊದಲ ಭಾಗ ಬಂದಾಗ ನಾನು ಪಿಯುಸಿ. ಮೂರು ಸಲ ನೋಡಿದ್ದೆ. ಈ ಸಲ ಆಫೀಸಿಗೆ ರಜೆ ಹಾಕಿ ಮೊದಲ ದಿನವೇ ಹೋದೆ. ಹೊರಗೆ ಬಂದಾಗ ಗೆಳೆಯ ‘ಹೆಂಗಿತ್ತು?’ ಅಂದ. ‘ಚೆನ್ನಾಗಿತ್ತು’ ಅಂದೆ. ಆದರೆ ಒಳಗೆ ಏನೂ ಆಗಿರಲಿಲ್ಲ. ನನಗೇ ವಯಸ್ಸಾಯಿತಾ, ಚಿತ್ರವೇ ಸಪ್ಪೆಯಾ?
— ವಿಜಯನಗರದ ಓದುಗರು

ಪಿಯುಸಿಯಲ್ಲಿದ್ದವರು ಈಗ ಮೂವತ್ತು ದಾಟಿರಬಹುದು ಅಷ್ಟೆ. ವಯಸ್ಸಿನ ಮಾತು ಬಿಡಿ. ನಿಮ್ಮ ಹಾಗೇ ಬರೆದವರು ಇನ್ನೂ ಇದ್ದಾರೆ. ಅವರ ಪತ್ರಗಳನ್ನೆಲ್ಲ ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ಒಂದು ವಿಷಯ ಹೊಳೆಯಿತು.

ಮೊದಲ ಭಾಗದಲ್ಲಿ, ಪ್ಯಾಂಡೋರಾ ಎಂಬ ದೂರದ ಲೋಕಕ್ಕೆ ಬಂದ ನಾಯಕ ಜೇಕ್ ಸಲ್ಲಿಗೆ ಏನೂ ಗೊತ್ತಿಲ್ಲ. ಗಾಲಿಕುರ್ಚಿಯಲ್ಲಿ ಬಂದವನು. ಅಲ್ಲಿನ ಜನರಂಥ ಹೊಸ ನೀಲಿ ಮೈ ಸಿಕ್ಕ ಕೂಡಲೇ ಯಾರು ಬೇಡ ಅಂದರೂ ಕೇಳದೆ ಹೊರಗೆ ಓಡುತ್ತಾನೆ. ಓಡಿ ನಿಂತು ಕಾಲ್ಬೆರಳುಗಳನ್ನು ಮಣ್ಣಿಗೆ ಒತ್ತುತ್ತಾನೆ. ನೆನಪಿದೆಯಾ? ಆ ಕಾಡಿನಲ್ಲಿ ಏನು ಮುಟ್ಟಬಹುದು, ಏನು ಮುಟ್ಟಬಾರದು ಎಂಬುದನ್ನು ಅವನ ಜೊತೆ ನಾವೂ ಕಲಿತೆವು. ಅವನು ಎಡವಿದಾಗ ನಾವೂ ಎಡವಿದೆವು.

ಎರಡನೇ ಭಾಗದಲ್ಲಿ ಅವನು ಗಟ್ಟಿ ಸಂಸಾರಸ್ಥ. ಮಕ್ಕಳು ಬೆಳೆದಿದ್ದಾರೆ. ಮೊದಲ ಸ್ವಲ್ಪ ಹೊತ್ತಿನಲ್ಲೇ ನೆಟೆಯಮ್, ಲೋಆಕ್, ಟುಕ್, ಸಾಕು ಮಗಳು ಕಿರಿ, ಇವರ ಜೊತೆ ಸ್ಪೈಡರ್ ಎಂಬ ಮನುಷ್ಯರ ಹುಡುಗ, ಇಷ್ಟೂ ಜನರ ಪರಿಚಯ ಮಾಡಿಕೊಳ್ಳಬೇಕು. ಮದುವೆ ಮನೆಗೆ ತಡವಾಗಿ ಹೋದರೆ ಆಗುತ್ತದಲ್ಲ, ಹಾಗೆ. ಎಲ್ಲರಿಗೂ ಎಲ್ಲರೂ ಗೊತ್ತು, ನಾವು ಮಾತ್ರ ಬಾಗಿಲಲ್ಲಿ ನಿಂತಿದ್ದೇವೆ. ಇದು ಚಿತ್ರದ ದೋಷ, ನಿಮ್ಮದಲ್ಲ.

ಆದರೆ ಇವರು ಕಾಡು ಬಿಟ್ಟು ಸಮುದ್ರದ ಜನರ ಹತ್ತಿರ ಬಂದ ಮೇಲೆ ನೋಡಿ. ಮತ್ತೆ ಯಾರಿಗೂ ಏನೂ ಬರುವುದಿಲ್ಲ. ಈಜಲು ಹೋಗಿ ಮಕ್ಕಳು ಏದುಸಿರು ಬಿಡುತ್ತಾರೆ. ಆ ಊರಿನ ಹುಡುಗಿ ಲೋಆಕ್‌ನನ್ನು ಕೂರಿಸಿಕೊಂಡು ಉಸಿರಾಡುವುದನ್ನು ಹೇಳಿಕೊಡುತ್ತಾಳೆ. ಹೊಟ್ಟೆಯಿಂದ ಉಸಿರು ತೆಗೆದುಕೊಳ್ಳಬೇಕು, ಎದೆಬಡಿತ ನಿಧಾನ ಆಗಬೇಕು. ನನ್ನ ಪಕ್ಕದ ಸೀಟಿನಲ್ಲಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಕೂತಿದ್ದ. ಅವರು ನೀರಿಗೆ ಇಳಿದಾಗ ಅವನೂ ಉಸಿರು ಕಟ್ಟಿದ. ಪಾಪ್‌ಕಾರ್ನ್ ಹಿಡಿದ ಕೈ ಬಾಯಿಗೆ ಹೋಗುತ್ತಾ ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು.

ಆ ಒಂದು ಗಂಟೆ ನಿಮಗೆ ಹೇಗಿತ್ತು, ನೆನಪು ಮಾಡಿಕೊಳ್ಳಿ. ಮೊದಲ ದಿನ ನೀವು ಕೂತಷ್ಟು ಹೊತ್ತೂ ಹಳೆಯದರ ಜೊತೆ ತಾಳೆ ನೋಡುತ್ತಿದ್ದಿರಬೇಕು. ನಾನೂ ಅದನ್ನೇ ಮಾಡಿದೆ. ಮನಸ್ಸಿದ್ದರೆ ವಾರದ ದಿನ ಬೆಳಗಿನ ಆಟಕ್ಕೆ ಒಬ್ಬರೇ ಇನ್ನೊಮ್ಮೆ ಹೋಗಿ ಬನ್ನಿ. ನೋಡಿದ ಮೇಲೆ ಬರೆಯಿರಿ. ‘ಏನೂ ಆಗಲಿಲ್ಲ’ ಎಂದೇ ಬರೆದರೂ ನಾನು ಓದುತ್ತೇನೆ.

ನೋಡಿದವರೆಲ್ಲ ‘ಕತೆಯೇ ಇಲ್ಲ, ಬರೀ ಗ್ರಾಫಿಕ್ಸ್’ ಅಂತಾರೆ. ನೀವು ಮಾತ್ರ ಹೊಗಳಿದ್ದೀರಿ. ಸತ್ತ ವಿಲನ್ ವಾಪಸ್ ಬರೋದು, ಮಕ್ಕಳು ಪದೇ ಪದೇ ಸಿಕ್ಕಿಬೀಳೋದು, ಇದು ಕತೆನಾ?
— ಕೆಂಗೇರಿ ಉಪನಗರದ ಓದುಗರು

ನೀವು ಹೇಳಿದ ಎರಡೂ ದೂರು ಸರಿ. ಕರ್ನಲ್ ಕ್ವಾರಿಚ್‌ನನ್ನು ಹೊಸ ಮೈಯಲ್ಲಿ ವಾಪಸ್ ತಂದಿದ್ದು ನನಗೂ ಸಮಾಧಾನ ತರಲಿಲ್ಲ. 13 ವರ್ಷ ತೆಗೆದುಕೊಂಡವರು ಹೊಸ ವೈರಿಯನ್ನು ಹುಡುಕಬಹುದಿತ್ತು. ಕೊನೆಯ ಹೊಡೆದಾಟದಲ್ಲಿ ಮಕ್ಕಳನ್ನು ಹಿಡಿಯುವುದು, ಬಿಡಿಸುವುದು, ಮತ್ತೆ ಹಿಡಿಯುವುದು ಬೇಸರವೇ.

ಆದರೆ ‘ಕತೆಯೇ ಇಲ್ಲ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪಯಾಕನ್ ಇದ್ದಾನಲ್ಲ, ತಿಮಿಂಗಿಲದಂಥ ದೊಡ್ಡ ಪ್ರಾಣಿ. ಅವನ ಜಾತಿಯವರು ಅವನನ್ನು ಹೊರಗೆ ಹಾಕಿದ್ದಾರೆ. ಕೊಲ್ಲಬಾರದು ಎಂಬ ಕಟ್ಟಳೆ ಮುರಿದ ಎಂಬುದೊಂದೇ ಕಾರಣ. ಯಾಕೆ ಮುರಿದ ಎಂದು ಯಾರೂ ಕೇಳಿಲ್ಲ. ಆ ಕಡೆ ಲೋಆಕ್, ಅಣ್ಣನ ಹಾಗೆ ಇಲ್ಲ ಎಂದು ಅಪ್ಪನಿಂದ ಬೈಸಿಕೊಂಡೇ ಬೆಳೆದವನು. ಇವರಿಬ್ಬರೂ ನಡು ಸಮುದ್ರದಲ್ಲಿ ಒಬ್ಬರಿಗೊಬ್ಬರು ಸಿಗುತ್ತಾರೆ. ಪಯಾಕನ್‌ನ ಈಜುರೆಕ್ಕೆಗೆ ಹಳೆಯ ಈಟಿಯೊಂದು ಚುಚ್ಚಿಕೊಂಡಿದೆ. ಹುಡುಗ ಅದನ್ನು ಕಿತ್ತು ತೆಗೆಯುತ್ತಾನೆ. ಮನೆಯಲ್ಲಿ ಸದಾ ಬೈಸಿಕೊಳ್ಳುವ ಮಗ ಯಾವ ಗೆಳೆಯನ ಹತ್ತಿರ ಹೋಗಿ ಕೂರುತ್ತಾನೆ ಎನ್ನುವುದು ಕತೆ ಅಲ್ಲದೆ ಇನ್ನೇನು? ನಮ್ಮ ಬೀದಿಯಲ್ಲೇ ಅಂಥ ಇಬ್ಬರು ಹುಡುಗರಿದ್ದಾರೆ. ಇಡೀ ಚಿತ್ರ ಇದರ ಮೇಲೇ ನಿಂತಿದ್ದರೆ ಇನ್ನೂ ಒಳ್ಳೆಯದಿತ್ತು ಎಂಬುದು ನನ್ನ ಅನಿಸಿಕೆ.

ಏಪ್ರಿಲ್‌ನಲ್ಲಿ ‘ಕೆಜಿಎಫ್’ ಎರಡನೇ ಭಾಗಕ್ಕೆ ಹೋದಾಗ ಶಿಳ್ಳೆಗೆ ಕಿವಿ ಮುಚ್ಚಿಕೊಂಡಿದ್ದೆ. ಅದಕ್ಕೂ ಮೂರು ವರ್ಷ ಕಾದಿದ್ದೆವು. ಇದಕ್ಕೆ ಒಂದು ಚಪ್ಪಾಳೆಯೂ ಇಲ್ಲ. ಜನರಿಗೆ ಇಷ್ಟ ಆಗಿಲ್ಲ ಅಂತಾನಾ?
— ಮಾಗಡಿ ರಸ್ತೆಯ ಓದುಗರು

ಶಿಳ್ಳೆ ಹೊಡೆಯಲು ಪರಿಚಯದ ಮುಖ ಬೇಕು. ಯಶ್ ಬಂದರೆ ನಮ್ಮ ಹುಡುಗ ಬಂದ ಎಂದು ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. ಇಲ್ಲಿ ನಟರೆಲ್ಲ ನೀಲಿ ಚರ್ಮದ ಹಿಂದೆ. ಆದರೂ ನಾನು ನೋಡಿದ ಆಟದಲ್ಲಿ ಒಂದು ಶಿಳ್ಳೆ ಬಿತ್ತು. ಪಯಾಕನ್ ನೀರಿನಿಂದ ಎದ್ದು ಬೇಟೆಗಾರರ ಹಡಗಿನ ಮೇಲೆ ಬಿದ್ದಾಗ. ಹಿಂದಿನ ಸಾಲಿನಿಂದ ಬಂದ ಆ ಶಿಳ್ಳೆ ನನಗೆ ಬಹಳ ಖುಷಿ ಕೊಟ್ಟಿತು.

ಕೆಲವು ದೃಶ್ಯ ಟೀವಿ ಧಾರಾವಾಹಿ ಥರ ನುಣ್ಣಗೆ ಕಾಣಿಸಿತು. ಮರುಕ್ಷಣ ಮತ್ತೆ ಸಿನಿಮಾ ಥರ. ನನ್ನ ಕಣ್ಣಿನ ತೊಂದರೆಯಾ, ಪ್ರೊಜೆಕ್ಟರ್ ಕೆಟ್ಟಿತ್ತಾ?
— ಯಲಹಂಕದ ಓದುಗರು

ಎರಡೂ ಅಲ್ಲ. ನಿಮ್ಮ ಕಣ್ಣು ಬಹಳ ಚುರುಕಾಗಿದೆ. ಮಾತಿನ ಚಿತ್ರಗಳು ಬಂದಾಗಿನಿಂದ ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರಗಳ ಲೆಕ್ಕದಲ್ಲಿ. ಆ ವೇಗದಲ್ಲಿ ಓಡುವ ಕಾಲು, ಬೀಸುವ ಕೈ ಸ್ವಲ್ಪ ಮಸುಕಾಗುತ್ತವೆ. ಆ ಮಸುಕನ್ನೇ ನಾವು ಸಿನಿಮಾ ಎಂದು ರೂಢಿ ಮಾಡಿಕೊಂಡಿದ್ದೇವೆ. ಟೀವಿಯಲ್ಲಿ ಧಾರಾವಾಹಿ, ಕ್ರಿಕೆಟ್ ಎಲ್ಲ ಸೆಕೆಂಡಿಗೆ ಸುಮಾರು 50 ಸಲ ಬದಲಾಗುತ್ತವೆ. ಅದಕ್ಕೇ ಅವು ನುಣ್ಣಗೆ ಕಾಣುವುದು.

ನಿರ್ದೇಶಕ ಜೇಮ್ಸ್ ಕ್ಯಾಮೆರಾನ್ ಈ ಚಿತ್ರದ ಕೆಲವು ಭಾಗಗಳನ್ನು 48 ಫ್ರೇಮ್‌ನಲ್ಲಿ ತೋರಿಸಿದ್ದಾರೆ. ನೀರಿನೊಳಗಿನ ದೃಶ್ಯಗಳು ಮುಖ್ಯವಾಗಿ. ತ್ರೀಡಿಯಲ್ಲಿ ವೇಗದ ಚಲನೆ 24ರಲ್ಲಿ ಕಡಿದು ಕಡಿದು ಕಾಣುತ್ತದೆ, ಕಣ್ಣು ನೋಯುತ್ತದೆ. ಸುಮ್ಮನೆ ಕೂತು ಮಾತಾಡುವ ದೃಶ್ಯಗಳಿಗೆ ಹಳೆಯ 24 ಸಾಕು ಅಂದುಕೊಂಡರು. ನೀವು ಗಮನಿಸಿದ್ದು ಆ ಅದಲು ಬದಲನ್ನು. ನೀರಿನಲ್ಲಿ ನನಗೆ ಇದು ಚೆನ್ನಾಗಿ ಕಂಡಿತು. ದಡದ ಮೇಲೆ ಕಿರಿಕಿರಿ ಆಯಿತು. ಎಲ್ಲ ಥಿಯೇಟರ್‌ಗಳಲ್ಲೂ 48 ತೋರಿಸುವ ಯಂತ್ರ ಇರುವುದಿಲ್ಲ, ಹಾಗಾಗಿ ನಿಮ್ಮ ಮನೆಯ ಬೇರೆಯವರಿಗೆ ಇದು ಗೊತ್ತೇ ಆಗಿಲ್ಲದಿರಬಹುದು.

ಮೊದಲ ಭಾಗ ನೋಡದೆ ಎರಡನೆಯದಕ್ಕೆ ಹೋಗಬಹುದಾ?
— ಹಲಸೂರಿನ ಓದುಗರು

ಹೋಗಬಹುದು, ಆದರೆ ಹೋಗಬೇಡಿ. ಒಂದು ಭಾನುವಾರ ಮನೆಯಲ್ಲಿ ಮೊದಲನೆಯದನ್ನು ನೋಡಿ.

ಮೇಡಂ, ನಾನು ಪೀಣ್ಯದಲ್ಲಿ ಲೇತ್ ಮಷೀನ್ ಕೆಲಸ ಮಾಡ್ತೀನಿ. ಮನೆಯವರೆಲ್ಲ ಕನ್ನಡದಲ್ಲೇ ನೋಡಿದೆವು. ತುಂಬಾ ಖುಷಿಯಾಯಿತು. ಮಗ ಕಾಲೇಜಿನಲ್ಲಿ ಹೇಳಿದರೆ ‘ಅಯ್ಯೋ, ಇಂಗ್ಲಿಷ್ ಸಿನಿಮಾನ ಕನ್ನಡದಲ್ಲಾ?’ ಅಂತ ಗೆಳೆಯರು ನಕ್ಕರಂತೆ. ಈಗ ಅವನು ಯಾರ ಹತ್ತಿರಾನೂ ಆ ಸಿನಿಮಾ ಮಾತೇ ಎತ್ತಲ್ಲ. ಅವನಿಗೆ ಏನು ಹೇಳಲಿ?
— ಪೀಣ್ಯ 2ನೇ ಹಂತದ ಓದುಗರು

ಅಣ್ಣಾ, ನಿಮ್ಮ ಪತ್ರವನ್ನು ನಮ್ಮ ಅಮ್ಮನಿಗೆ ಓದಿ ಹೇಳಿದೆ. ‘ನನ್ನ ಕತೆ ಬರಿ, ಆ ಹುಡುಗನಿಗೆ ಓದೋಕೆ ಕೊಡಲಿ’ ಅಂದಳು. ಬರೆಯುತ್ತಿದ್ದೇನೆ.

2009ರಲ್ಲಿ ಅಮ್ಮನನ್ನು ಮೊದಲ ಭಾಗಕ್ಕೆ ಕರೆದುಕೊಂಡು ಹೋಗಿದ್ದೆ. ಆಗ ಅವಳಿಗೆ 58. ಏಳನೇ ಕ್ಲಾಸು ಓದಿದವಳು, ಇಂಗ್ಲಿಷ್ ಬರುವುದಿಲ್ಲ. ಕನ್ನಡದಲ್ಲಿ ಚಿತ್ರ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಕಿವಿಯಲ್ಲಿ ಒಂದೊಂದೇ ಮಾತು ಹೇಳುತ್ತಿದ್ದೆ. ಅರ್ಧ ಗಂಟೆ ಆಗಿರಬೇಕು, ಹಿಂದಿನವರು ‘ಸ್ವಲ್ಪ ಸುಮ್ನಿರ್ತೀರಾ?’ ಅಂದರು. ಅವರದೂ ತಪ್ಪಲ್ಲ, ಅವರೂ ದುಡ್ಡು ಕೊಟ್ಟು ಬಂದವರು. ನಾನು ಸುಮ್ಮನಾದೆ. ಅಮ್ಮ ಉಳಿದ ಚಿತ್ರವನ್ನು ಬರೀ ಕಣ್ಣಲ್ಲಿ ನೋಡಿದಳು.

ವಾಪಸ್ ರಾಜಾಜಿನಗರಕ್ಕೆ ಆಟೋದಲ್ಲಿ ಬರುವಾಗ ಕೇಳಿದಳು. ‘ಆ ದೊಡ್ಡ ಮರ ಬಿತ್ತಲ್ಲ, ಆಗ ಆ ನಾಯಕಿಯ ಅಪ್ಪ ಸಾಯುವಾಗ ಮಗಳ ಹತ್ತಿರ ಏನೋ ಹೇಳಿದ. ಏನದು?’

‘ನನ್ನ ಬಿಲ್ಲು ತಗೋ, ನಮ್ಮ ಜನರನ್ನ ಕಾಪಾಡು ಅಂದ’ ಎಂದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನವರಂಗ್ ಸಿಗ್ನಲ್ ಹತ್ತಿರ ಆಟೋ ನಿಂತಾಗ ಹೇಳಿದಳು: ‘ಆಗಲೇ ಹೇಳಿದ್ದಿದ್ರೆ ನಾನೂ ಅಳ್ತಿದ್ದೆ ಕಣೇ.’

13 ವರ್ಷದಿಂದ ಈ ಮಾತು ನನ್ನ ಜೊತೆಗಿದೆ. ಎಲ್ಲರೂ ಎರಡನೇ ಭಾಗಕ್ಕೆ ಕಾದರು. ನಾನು ಅದು ಕನ್ನಡದಲ್ಲಿ ಬರಲಿ ಎಂದು ಕಾದೆ.

ನಿಮ್ಮ ಮಗನ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ. ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂದು ಯಾವ ಕಾನೂನೂ ಇರಲಿಲ್ಲ. 1960ರ ದಶಕದಲ್ಲಿ ನಮ್ಮ ಚಿತ್ರರಂಗ ಚಿಕ್ಕದು. ಬೇರೆ ಭಾಷೆಯ ಚಿತ್ರಗಳು ಡಬ್ ಆಗಿ ಬಂದರೆ ಇಲ್ಲಿನ ನಟರು, ಕೆಲಸಗಾರರು ಹೊಟ್ಟೆಗೆ ಏನು ಮಾಡಬೇಕು ಎಂಬ ಭಯದಿಂದ ಬಂದ ಕಟ್ಟುಪಾಡು ಅದು. ಆ ಭಯದಲ್ಲಿ ನ್ಯಾಯ ಇತ್ತು, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಅದು ಹತ್ತಾರು ವರ್ಷ ಹಾಗೇ ಉಳಿದುಬಿಟ್ಟಿತು. ಹೀಗೆ ಡಬ್ಬಿಂಗ್ ತಡೆಯುವುದು ತಪ್ಪು ಎಂದು 2015ರಲ್ಲಿ, ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಬಾರದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಹೇಳಿತು. 2017ರಿಂದ ಒಂದೊಂದಾಗಿ ಡಬ್ ಆದ ಚಿತ್ರಗಳು ಬರತೊಡಗಿದವು. ಲಾಕ್‌ಡೌನ್‌ನಲ್ಲಿ ಕನ್ನಡಕ್ಕೆ ಡಬ್ ಆದ ‘ಮಹಾಭಾರತ’ ಟೀವಿಯಲ್ಲಿ ಬಂದಾಗ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರೂ ಅಮ್ಮನ ಹತ್ತಿರ ಕಾಫಿ ಕೇಳುವ ಹಾಗಿರಲಿಲ್ಲ.

ಈ ಸಲ ಕನ್ನಡದ ಆಟ ಹುಡುಕಲು ಮೂರು ದಿನ ಬೇಕಾಯಿತು. ಇಂಗ್ಲಿಷ್‌ಗೆ ದಿನವಿಡೀ ಆಟ, ಕನ್ನಡಕ್ಕೆ ಒಂದು, ಅದೂ ಬೆಳಗ್ಗೆ. ಬೆಂಗಳೂರಲ್ಲಿ ಹೀಗಾದರೆ ಹೇಗೆ ಎಂದು ಸಿಟ್ಟು ಬಂತು, ಈಗಲೂ ಇದೆ. ತಿಂಡಿ ತಿನ್ನದೇ ಹೊರಟೆವು.

ಬೇಟೆಗಾರರು ತಾಯಿ ತಿಮಿಂಗಿಲವನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುತ್ತಾರಲ್ಲ, ಜೊತೆಗೆ ಮರಿಯೂ ಇರುತ್ತದೆ. ಆಮೇಲೆ ಅದರ ತಲೆಯಿಂದ ಒಂದಿಷ್ಟು ದ್ರವ ತೆಗೆಯುತ್ತಾರೆ. ಮನುಷ್ಯರಿಗೆ ಮುಪ್ಪು ಬಾರದ ಹಾಗೆ ಮಾಡುವ ಔಷಧಿ. ಚಿತ್ರದಲ್ಲಿ ಅದರ ಹೆಸರೇ ‘ಅಮೃತ’. ಆ ಪದ ಕಿವಿಗೆ ಬಿದ್ದದ್ದೇ ಅಮ್ಮ ಸೀಟಿನಲ್ಲಿ ಮುಂದೆ ಬಾಗಿದಳು. ‘ಅಮೃತಾನಾ? ಇಷ್ಟಕ್ಕೆ ಆ ತಾಯೀನ ಕೊಂದ್ರಾ?’ ಎಂದು ಜೋರಾಗಿಯೇ ಅಂದಳು. ಯಾರೂ ಸುಮ್ನಿರಿ ಅನ್ನಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ತಿರುಗಿ ‘ನೋಡಿ ಮತ್ತೆ’ ಅಂದರು. ಅಮ್ಮ ತ್ರೀಡಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈ ಸಲ ನನಗಿಂತ ಮೊದಲು ಅತ್ತಳು.

ಡಬ್ಬಿಂಗ್ ಎಲ್ಲ ಕಡೆ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಕೆಲವು ಕಡೆ ಮಾತು ಪುಸ್ತಕದ ಹಾಗೆ ಕೇಳಿಸಿತು. ಅಣ್ಣ ತಮ್ಮ ಜಗಳ ಆಡುವಾಗ ಮನೆಯ ಕನ್ನಡ ಬರಬೇಕು. ನಮ್ಮಲ್ಲಿ ಅಂಥ ಮಾತು ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅವರನ್ನು ಕರೆಯಲಿ.

ಇನ್ನು ನಿಮ್ಮ ಮಗನಿಗೆ ಇದೊಂದು ಮಾತು ಹೇಳಿ. ಪ್ಯಾಂಡೋರಾದ ಜನ ಆಡುವುದು ಇಂಗ್ಲಿಷ್ ಅಲ್ಲ, ನಾವಿ ಭಾಷೆ. ಪಾಲ್ ಫ್ರಾಮರ್ ಎಂಬ ಭಾಷಾತಜ್ಞರು ಮೊದಲ ಭಾಗಕ್ಕಾಗಿಯೇ ಕಟ್ಟಿದ ಭಾಷೆ ಅದು. ಎರಡನೇ ಭಾಗದ ಶುರುವಿನಲ್ಲಿ, ತನಗೆ ಈಗ ಆ ಭಾಷೆ ತನ್ನದೇ ಭಾಷೆಯಷ್ಟು ಸಲೀಸು ಎಂದು ಜೇಕ್ ಹೇಳುತ್ತಾನೆ. ಆಮೇಲೆ ಅವರ ಮನೆಮಾತೆಲ್ಲ ನೋಡುವವರಿಗೆ ಇಂಗ್ಲಿಷ್‌ನಲ್ಲಿ ಕೇಳಿಸುತ್ತದೆ. ಅಂದರೆ ಅವನ ಗೆಳೆಯರು ನೋಡಿದ್ದೂ ಒಂದು ರೀತಿ ಡಬ್ ಆದದ್ದೇ. ಅವರು ಇಂಗ್ಲಿಷ್‌ನಲ್ಲಿ ಕೇಳಿದರು, ಅವನು ಕನ್ನಡದಲ್ಲಿ ಕೇಳಿದ. ನಾಚಿಕೆ ಪಡುವಂಥದ್ದು ಏನಿದೆ, ಹೇಳಿ?

ಆಂಟಿ, ನೀರಿನ ಒಳಗೆ ಹೇಗೆ ಶೂಟಿಂಗ್ ಮಾಡಿದರು? ಎಲ್ಲಾ ಕಂಪ್ಯೂಟರ್ ಅಂತ ಅಣ್ಣ ಹೇಳ್ತಾನೆ. ನಿಜಾನಾ?
— 6ನೇ ತರಗತಿ, ಬಸವೇಶ್ವರನಗರ

ಅಣ್ಣ ಹೇಳಿದ್ದು ಅರ್ಧ ನಿಜ ಪುಟ್ಟಾ. ನೀಲಿ ಮೈ, ಬಾಲ, ಮೀನುಗಳೆಲ್ಲ ಕಂಪ್ಯೂಟರ್‌ನಲ್ಲಿ ಮಾಡಿದ್ದು. ಆದರೆ ಈಜಿದ್ದು ನಿಜವಾದ ನಟರು, ನಿಜವಾದ ನೀರಿನಲ್ಲಿ. ಅದಕ್ಕೆ ಒಂದು ದೊಡ್ಡ ತೊಟ್ಟಿ ಕಟ್ಟಿಸಿದರು. ಸುಮಾರು 34 ಲಕ್ಷ ಲೀಟರ್ ನೀರು ಹಿಡಿಯುವಂಥದ್ದು. ನಿಮ್ಮ ಬೀದಿಗೆ 6000 ಲೀಟರ್ ಟ್ಯಾಂಕರ್ ಬಂದರೆ, ಅಂಥ 560ಕ್ಕೂ ಹೆಚ್ಚು ಟ್ಯಾಂಕರ್ ನೀರು!

ನಟರ ಬಟ್ಟೆಯ ಮೇಲೆ ಗುರುತುಗಳು ಇರುತ್ತವೆ. ಸುತ್ತ ಇಟ್ಟ ಕ್ಯಾಮೆರಾಗಳು ಆ ಗುರುತುಗಳನ್ನು ನೋಡಿ ಕೈ ಎಲ್ಲಿದೆ, ಕಾಲು ಎಲ್ಲಿದೆ ಎಂದು ಕಂಪ್ಯೂಟರ್‌ಗೆ ಹೇಳುತ್ತವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡರೆ ಗುಳ್ಳೆ ಏಳುತ್ತವೆ. ಗುಳ್ಳೆಯೂ ಹೊಳೆಯುತ್ತದೆ, ಗುರುತೂ ಹೊಳೆಯುತ್ತದೆ. ಕಂಪ್ಯೂಟರ್‌ಗೆ ಗೊಂದಲ. ಹಾಗಾಗಿ ಎಲ್ಲರೂ ಉಸಿರು ಕಟ್ಟಿಯೇ ನಟಿಸಬೇಕಾಯಿತು. ಅದಕ್ಕೆ ತಿಂಗಳುಗಟ್ಟಲೆ ತರಬೇತಿ. ಸಮುದ್ರದ ಜನರಲ್ಲಿ ಒಬ್ಬಳಾದ ರೋನಾಲ್ ಪಾತ್ರ ಮಾಡಿದ ಕೇಟ್ ವಿನ್ಸ್‌ಲೆಟ್ 7 ನಿಮಿಷಕ್ಕೂ ಹೆಚ್ಚು ಹೊತ್ತು ಉಸಿರು ಕಟ್ಟಿದ್ದರು. ಮೇಲಿನ ದೀಪದ ಬೆಳಕು ನೀರಿನಲ್ಲಿ ಕುಣಿಯದಿರಲಿ ಎಂದು ತೊಟ್ಟಿಯ ಮೇಲೆಲ್ಲ ಚಿಕ್ಕ ಚಿಕ್ಕ ಬಿಳಿ ಚೆಂಡು ತೇಲಿಬಿಟ್ಟಿದ್ದರು. ನಟರು ಮೇಲೆ ಬಂದಾಗ ಚೆಂಡುಗಳ ನಡುವೆ ತಲೆ ತೂರಿಸುತ್ತಿದ್ದರು.

ಅಣ್ಣನಿಗೆ ಇನ್ನೊಂದು ಒಗಟು ಕೇಳು. 14 ವರ್ಷದ ಕಿರಿ ಪಾತ್ರ ಮಾಡಿದವರು ಯಾರು? ಸಿಗರ್ನಿ ವೀವರ್, 1949ರಲ್ಲಿ ಹುಟ್ಟಿದವರು. ಅವರೂ ನೀರಿಗೆ ಇಳಿದಿದ್ದರು. ಈಜುಕೊಳದಲ್ಲಿ ನೀನು ಮಾತ್ರ ಉಸಿರು ಕಟ್ಟಲು ಹೋಗಬೇಡ. ಅವರ ಪಕ್ಕದಲ್ಲಿ ಕಾಯುವ ಮುಳುಗುಗಾರರು ಇರುತ್ತಿದ್ದರು.

13 ವರ್ಷಕ್ಕೇ ಇಷ್ಟು ಮಾತಾಡುತ್ತೀರಿ. ನಾನು ‘ಬ್ಲೇಡ್ ರನ್ನರ್’ ಮುಂದಿನ ಭಾಗಕ್ಕೆ 35 ವರ್ಷ ಕಾದೆ. 2017ರಲ್ಲಿ ಹೋದಾಗ ಹಾಲ್‌ನಲ್ಲಿ ಹದಿನೈದು ಜನ ಇರಲಿಲ್ಲ. ಹೊರಗೆ ಬಂದು ಮಾತಾಡೋಣ ಅಂದರೆ ಒಬ್ಬರೂ ಸಿಗಲಿಲ್ಲ.
— ಮಲ್ಲೇಶ್ವರದ ಹಿರಿಯ ಓದುಗರು

ಸರ್, ನಿಮ್ಮ ಪತ್ರ ಓದಿ ಸಂಕಟವಾಯಿತು. ಆ ಹದಿನೈದರಲ್ಲಿ ನಾನೂ ಒಬ್ಬಳಾಗಿದ್ದರೆ ಮೆಟ್ಟಿಲ ಮೇಲೆ ನಿಂತು ಮಾತಾಡಬಹುದಿತ್ತು. ನಾನು ನೋಡಿದ ಆಟದಲ್ಲೂ ಅಷ್ಟೇ ಜನ. 163 ನಿಮಿಷದ ನಿಧಾನದ ಚಿತ್ರ. ಇಂಟರ್‌ವಲ್ ಆದ ಮೇಲೆ ಕೆಲವರು ವಾಪಸ್ ಬರಲಿಲ್ಲ. ಕಿತ್ತಳೆ ಬಣ್ಣದ ಧೂಳಿನಲ್ಲಿ ನಾಯಕ ಒಬ್ಬನೇ ನಡೆದು ಹೋಗುವ ದೃಶ್ಯ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಅದನ್ನು ಸೆರೆಹಿಡಿದ ರೋಜರ್ ಡೀಕಿನ್ಸ್‌ಗೆ ಅದಕ್ಕೂ ಮೊದಲು 13 ಸಲ ಆಸ್ಕರ್ ಕೈತಪ್ಪಿತ್ತು, ಈ ಚಿತ್ರಕ್ಕೆ ಸಿಕ್ಕಿತು.

1982ರಲ್ಲಿ ಮೊದಲ ಚಿತ್ರವೂ ದುಡ್ಡು ಮಾಡಲಿಲ್ಲ. ಆಮೇಲೆ ಬೇರೆ ಬೇರೆ ಸಂಕಲನದಲ್ಲಿ ಮತ್ತೆ ಬಂತು, ಜನ ನಿಧಾನವಾಗಿ ಹತ್ತಿರವಾದರು. ನೀವು ಮಾತಾಡಲು ಜನ ಹುಡುಕುತ್ತಿದ್ದೀರಿ ಎಂದು ಇಲ್ಲಿ ಹಾಕುತ್ತಿದ್ದೇನೆ. ಆ ಚಿತ್ರ ನೋಡಿದ ಓದುಗರು ಪತ್ರಿಕೆಗೆ ಬರೆಯಿರಿ, ನಾನು ಇವರಿಗೆ ತಲುಪಿಸುತ್ತೇನೆ.

ಅಮ್ಮನಿಗೆ 74. ನಿಮ್ಮ ಲೇಖನ ಓದಿ ನನ್ನನ್ನೂ ಕರ್ಕೊಂಡು ಹೋಗು ಅಂತಿದ್ದಾರೆ. ಮಂಡಿ ನೋವು, ಕನ್ನಡಕ ಬೇರೆ. 192 ನಿಮಿಷ ಕೂರಲು ಆಗುತ್ತಾ?
— ಹೆಬ್ಬಾಳದ ಓದುಗರು

ಆಗುತ್ತದೆ, ಕರೆದುಕೊಂಡು ಹೋಗಿ. ಓಡಾಡುವ ದಾರಿಯ ಪಕ್ಕದ ಸೀಟು ತಗೊಳ್ಳಿ, ಕಾಲು ಚಾಚಬಹುದು. ಮೆಟ್ಟಿಲು ಹತ್ತುವ ಕಷ್ಟ ಇರದ ಸಾಲು ಯಾವುದು ಎಂದು ಕೌಂಟರ್‌ನಲ್ಲೇ ಕೇಳಿ. ಎಸಿ ಜಾಸ್ತಿ ಇರುತ್ತದೆ, ಶಾಲು ಬೇಕು. ತ್ರೀಡಿ ಕನ್ನಡಕವನ್ನು ಅವರ ಕನ್ನಡಕದ ಮೇಲೇ ಹಾಕಬಹುದು. ಅದಕ್ಕೂ ಮೊದಲು ಒಳ್ಳೆಯ ಬಟ್ಟೆಯಿಂದ ಒರೆಸಿ ಕೊಡಿ, ಅದರ ಮೇಲೆ ಹಿಂದಿನವರ ಬೆರಳಚ್ಚು ಇದ್ದೇ ಇರುತ್ತದೆ. ತ್ರೀಡಿಯಲ್ಲಿ ಮೊದಲೇ ಬೆಳಕು ಕಡಿಮೆ. ಇಂಟರ್‌ವಲ್‌ನಲ್ಲಿ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ.

ಕನ್ನಡದ ಆಟಕ್ಕೇ ಹೋಗಿ. ಶುರುವಾದ ಮೇಲೆ ನೀವಾಗಿ ಏನೂ ಹೇಳಲು ಹೋಗಬೇಡಿ. ಅವರಿಗೆ ಬೇಕಾದರೆ ಅವರೇ ಕೇಳುತ್ತಾರೆ.